ಸೊಂಟಕ್ಕೆ ಹಾಯೆನಿಸಿತು, ಈಗ ಕುತ್ತಿಗೆಯನ್ನೂ ಲಟಕ್ ಅನಿಸುತ್ತೇನೆ ಅನ್ನುತ್ತಿದ್ದಾರೆ. ಕೈರೋಪ್ರ್ಯಾಕ್ಟಿಕ್ ಬಗ್ಗೆ ಗೊತ್ತಿರುವವರು ಹೇಳಿ

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಸೊಂಟ ಹಿಡಿದುಕೊಂಡಿದೆ. ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳಲೂ ಆಗುತ್ತಿರಲಿಲ್ಲ, ಮಗನೇ ಕಟ್ಟಿಕೊಡುತ್ತಿದ್ದ. ಗೆಳತಿ ಹೇಳಿದಳು ಅಂತ ಕೈರೋಪ್ರಾಕ್ಟರ್ ಹತ್ತಿರ, ಅಂದರೆ ಬೆನ್ನೆಲುಬನ್ನು ಕೈಯಿಂದ ಒತ್ತಿ, ತಿರುಗಿಸಿ ಚಿಕಿತ್ಸೆ ಕೊಡುವವರ ಹತ್ತಿರ ಹೋದೆ. ನಾಲ್ಕು ಸಲ ಸೊಂಟಕ್ಕೆ ಮಾಡಿದರು. ಸುಳ್ಳು ಯಾಕೆ ಹೇಳಲಿ, ಹಾಯೆನಿಸಿತು. ಐದನೇ ಸಲ ಹೋದಾಗ ಕತ್ತಿನ ಹಿಂದೆ ಬೆರಳಾಡಿಸಿ "ಇಲ್ಲೂ ಮಣಿ ಸರಿದಿದೆ, ಕೂರಿಸಿಬಿಡೋಣ" ಅಂದರು. ನನಗೆ ಕುತ್ತಿಗೆ ನೋವೇ ಇಲ್ಲ! ಇವತ್ತು ಬೇಡ ಅಂತ ಎದ್ದು ಬಂದೆ. ಒಂದು ವರ್ಷದ ಪ್ಯಾಕೇಜ್ ತೆಗೆದುಕೊಳ್ಳಿ ಅಂತಲೂ ಹೇಳಿದ್ದಾರೆ.

ಮನೆಗೆ ಬಂದು ಓದಲು ಕೂತರೆ ತಲೆ ಕೆಟ್ಟುಹೋಯಿತು. ಒಬ್ಬರು ಇದರಿಂದ ಪಾರ್ಶ್ವವಾಯು ಆಗುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಅದೆಲ್ಲ ಡಾಕ್ಟರುಗಳು ಹಬ್ಬಿಸಿದ ಸುಳ್ಳು ಅನ್ನುತ್ತಾರೆ. ಮಾಡಿಸಿಕೊಂಡವರು, ಈ ವಿಷಯ ಓದಿಕೊಂಡವರು ದಯವಿಟ್ಟು ಹೇಳಿ. ಗುರುವಾರ ಮತ್ತೆ ಹೋಗಬೇಕು.

ಗಾಳಿಪಟ77:
ಕುತ್ತಿಗೆ ಮುಟ್ಟಲು ಬಿಡಬೇಡಿ. ಅಷ್ಟೇ.

ನಡಿಗೆಗಾರ:
ಅಷ್ಟೇ ಅಂದರೆ ಹೇಗೆ ಸ್ವಾಮಿ? ನಾನು ಹತ್ತು ವರ್ಷದಿಂದ ಹೋಗುತ್ತಿದ್ದೇನೆ. ಸೊಂಟ, ಬೆನ್ನು, ಕುತ್ತಿಗೆ ಎಲ್ಲಾ ಮಾಡಿಸಿಕೊಂಡಿದ್ದೇನೆ. ಏನೂ ಆಗಿಲ್ಲ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯಲ್ಲಿ ಹುಣ್ಣಾಗಿತ್ತು ನನಗೆ. ಅದು ಬಿಟ್ಟು ಇಲ್ಲಿಗೆ ಹೋದ ಮೇಲೆ ರಾತ್ರಿ ನಿದ್ದೆ ಬಂತು. ಆ ಮಾತ್ರೆಗಳಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಅದರ ಬಗ್ಗೆ ಯಾರೂ ಇಷ್ಟು ಹೆದರಿಸುವುದಿಲ್ಲ. ನೋಡಿ, ಅನುಭವ ಇಲ್ಲದವರೇ ಜಾಸ್ತಿ ಮಾತಾಡುತ್ತಾರೆ.

ಫಿಸಿಯೋ_ಸುಮ:
ಮಲ್ಲಿಗೆ ಅವರೆ, ನಾನು ಫಿಸಿಯೋಥೆರಪಿಸ್ಟ್. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ವಾಲಿಕೆ ಇರಬಹುದು, ಮೊದಲೇ ಹೇಳಿಬಿಡುತ್ತೇನೆ. ಸೊಂಟ ಮತ್ತು ಕುತ್ತಿಗೆ, ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದೇ ಬುಟ್ಟಿಗೆ ಹಾಕಿದರೆ ಜಗಳ ಮುಗಿಯುವುದಿಲ್ಲ.

ಸೊಂಟದ ವಿಷಯಕ್ಕೆ ಬಂದರೆ, ಬೆನ್ನೆಲುಬಿನ ಮೇಲೆ ಕೈಯಿಂದ ಮಾಡುವ ಈ ಚಿಕಿತ್ಸೆ ಸುಳ್ಳೂ ಅಲ್ಲ, ಪವಾಡವೂ ಅಲ್ಲ. 2017ರಲ್ಲಿ ಜಾಮಾ ಅನ್ನುವ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ 26 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ಹೊಸದಾಗಿ ಶುರುವಾದ ಸೊಂಟನೋವು, ಆರು ವಾರದವರೆಗಿನ ಲೆಕ್ಕ. ನೋವನ್ನು 100ರ ಅಳತೆಯಲ್ಲಿ ಇಟ್ಟರೆ ಸುಮಾರು 10ರಷ್ಟು ಕಡಿಮೆಯಾಗಿತ್ತು. ಆಮೇಲೆ 2019ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಹಳೆಯ ಸೊಂಟನೋವಿನ ಬಗ್ಗೆ 47 ಪ್ರಯೋಗ, ಒಂಬತ್ತು ಸಾವಿರಕ್ಕೂ ಜಾಸ್ತಿ ಜನ. ವ್ಯಾಯಾಮದಂಥ ಇತರ ಒಪ್ಪಿತ ಚಿಕಿತ್ಸೆಗಳಷ್ಟೇ ಕೆಲಸ ಮಾಡುತ್ತದೆ ಅಂತ ಬಂತು. ಅದಕ್ಕಿಂತ ಜಾಸ್ತಿ ಅಲ್ಲ, ಕಡಿಮೆಯೂ ಅಲ್ಲ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಇದನ್ನು ವ್ಯಾಯಾಮದ ಜೊತೆಗೆ ಮಾತ್ರ ಕೊಡಿ ಅಂತ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹಳೆಯ ಸೊಂಟನೋವಿಗೆ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದಕ್ಕೆ ಷರತ್ತಿನ ಒಪ್ಪಿಗೆ ಇದೆ.

ಹಾಗಾಗಿ ನಿಮಗೆ ಹಾಯೆನಿಸಿದ್ದು ನಿಜವೇ ಇರಬಹುದು. ಆದರೆ ನಾಲ್ಕು ಸಲ ಹೋಗಿದ್ದರ ಜೊತೆ ನಾಲ್ಕು ವಾರವೂ ಕಳೆದಿದೆ ಅಲ್ವಾ? ಸೊಂಟನೋವು ಬಹಳ ಸಲ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಜಾಸ್ತಿ ಇದ್ದಾಗಲೇ ನಾವು ಚಿಕಿತ್ಸೆಗೆ ಓಡುವುದು. ಇಳಿದಾಗ ಹೆಸರು ಚಿಕಿತ್ಸೆಗೆ ಹೋಗುತ್ತದೆ.

ಒಂದು ವರ್ಷದ ಪ್ಯಾಕೇಜ್ ಮಾತ್ರ ಬೇಡವೇ ಬೇಡ. ಕೆಲವು ವಾರದಲ್ಲಿ ಗುಣ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥ ಇಲ್ಲ. ಗುಣ ಕಂಡರೆ ವರ್ಷವಿಡೀ ಯಾಕೆ ಬೇಕು?

ಹಳೇಪುಟ:
ಈ "ಮಣಿ ಸರಿದಿದೆ" ಅನ್ನುವ ಮಾತು ಎಲ್ಲಿಂದ ಬಂತು ಅಂತ ಗೊತ್ತಿರಲಿ. 1895, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್. ಡಿ. ಡಿ. ಪಾಮರ್ ಅನ್ನುವವರು ಆಗ ಅಯಸ್ಕಾಂತ ಶಕ್ತಿಯ ಹೆಸರಿನಲ್ಲಿ ಚಿಕಿತ್ಸೆ ಕೊಡುತ್ತಿದ್ದರು. ಅದೇ ಕಟ್ಟಡದಲ್ಲಿ ಕೆಲಸಕ್ಕಿದ್ದ ಹಾರ್ವೆ ಲಿಲ್ಲಾರ್ಡ್‌ಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೆನ್ನಿನ ಮಣಿಯೊಂದನ್ನು ಒತ್ತಿ ಕೂರಿಸಿದೆ, ಕಿವಿ ಕೇಳಿಸಿತು ಅಂತ ಪಾಮರ್ ಹೇಳಿಕೊಂಡರು. ಕೇಳುವ ನರ ಕಿವಿಯಿಂದ ನೇರ ಮೆದುಳಿಗೆ ಹೋಗುತ್ತದೆ, ಬೆನ್ನಿನ ಕಡೆ ಬರುವುದೇ ಇಲ್ಲ! ಆಮೇಲೆ 100ರಲ್ಲಿ 95 ಕಾಯಿಲೆ ಮಣಿ ಸರಿದಿದ್ದರಿಂದಲೇ ಬರುತ್ತದೆ ಅಂತ ಬರೆದರು. ಅದಕ್ಕೆ ಸಬ್‌ಲಕ್ಸೇಶನ್ ಅಂತ ಹೆಸರು. ನೂರಾ ಇಪ್ಪತ್ತೈದು ವರ್ಷಕ್ಕಿಂತ ಮೇಲಾಯಿತು, ಆ ಸರಿದ ಮಣಿಯಿಂದ ಕಾಯಿಲೆ ಬರುತ್ತದೆ ಅಂತ ಯಾರೂ ತೋರಿಸಿಲ್ಲ.

ನಡಿಗೆಗಾರ:
ಹಳೇಪುಟ ಅವರೆ, ಅದೇ ಕಾಲದಲ್ಲಿ ಡಾಕ್ಟರುಗಳು ಏನೇನು ಮಾಡುತ್ತಿದ್ದರು ಅಂತಲೂ ಬರೆಯಿರಿ. ಪಾದರಸ ಕುಡಿಸುತ್ತಿದ್ದರು. ಹುಟ್ಟಿದ್ದು ಹೇಗೆ ಅನ್ನುವುದರಿಂದ ಇವತ್ತಿನದನ್ನು ಅಳೆಯಬಾರದು. ಮತ್ತೆ "ಡಾಕ್ಟರುಗಳು ಹಬ್ಬಿಸಿದ ಸುಳ್ಳು" ಅನ್ನುವುದರಲ್ಲೂ ಸ್ವಲ್ಪ ಹುರುಳಿದೆ. ಅಮೆರಿಕದ ವೈದ್ಯರ ಸಂಘ ತನ್ನ ಸದಸ್ಯರಿಗೆ ಕೈರೋಪ್ರಾಕ್ಟರುಗಳ ಜೊತೆ ವ್ಯವಹಾರವೇ ಇಟ್ಟುಕೊಳ್ಳಬೇಡಿ ಅಂತ ತಾಕೀತು ಮಾಡಿತ್ತು. 1976ರಲ್ಲಿ ಚೆಸ್ಟರ್ ವಿಲ್ಕ್ ಅನ್ನುವ ಕೈರೋಪ್ರಾಕ್ಟರ್ ಮತ್ತು ಜೊತೆಯವರು ಕೇಸು ಹಾಕಿದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆಂಡಾನರ್ ಸಂಘದ್ದೇ ತಪ್ಪು ಅಂತ ತೀರ್ಪು ಕೊಟ್ಟರು. ಇದು ಕೋರ್ಟಿನ ದಾಖಲೆ, ನಾನು ಕಟ್ಟಿದ ಕಥೆ ಅಲ್ಲ.

ಹಳೇಪುಟ:
ಆ ತೀರ್ಪು ನನಗೂ ಗೊತ್ತು. ಅದು ವ್ಯಾಪಾರದ ಪೈಪೋಟಿಯ ಕಾನೂನಿನ ಕೇಸು. ಸಂಘ ಬಹಿಷ್ಕಾರ ಹಾಕಿದ್ದು ತಪ್ಪು ಅಂತ ಬಂತು. ಚಿಕಿತ್ಸೆ ಕೆಲಸ ಮಾಡುತ್ತದೆ ಅಂತ ಕೋರ್ಟು ಹೇಳಲಿಲ್ಲ. ಎರಡೂ ಬೇರೆ.

ರಾತ್ರಿಪಾಳಿ:
ನಾನು ನರ್ಸ್. ಪಾರ್ಶ್ವವಾಯು ವಾರ್ಡಿನಲ್ಲಿ ಆರು ವರ್ಷ ಇದ್ದೆ. ಒಬ್ಬ ಹುಡುಗಿ, ಮೂವತ್ತೂ ಆಗಿರಲಿಲ್ಲ. ಆಸ್ಪತ್ರೆಗೆ ಬರುವ ಎರಡು ದಿನ ಮೊದಲು ಕುತ್ತಿಗೆಯನ್ನು ಹೀಗೇ ಲಟಕ್ ಅನಿಸಿಕೊಂಡಿದ್ದಳು. ನೀರು ಕುಡಿಯಲು ಲೋಟಕ್ಕೆ ಕೈ ಚಾಚಿದರೆ ಕೈ ಪ್ರತಿಸಲವೂ ಲೋಟದ ಬಲಕ್ಕೆ ಒಂದು ಗೇಣು ಆಚೆ ಹೋಗುತ್ತಿತ್ತು. ಲೋಟ ಎರಡಾಗಿ ಕಾಣುತ್ತಿದೆ ಅಕ್ಕಾ ಅನ್ನುತ್ತಿದ್ದಳು. ಕುಡಿದ ನೀರು ನೆತ್ತಿಗೇರುತ್ತಿತ್ತು. ನಡೆಯಲು ಮತ್ತೆ ಕಲಿಯಬೇಕಾಯಿತು. ಆ ಕೈ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಯಾಕೆ ಹೀಗಾಗುತ್ತದೆ ಅಂದರೆ, ಕುತ್ತಿಗೆಯ ಮಣಿಗಳ ಎರಡೂ ಪಕ್ಕದಲ್ಲಿ ಸಣ್ಣ ತೂತುಗಳಿವೆ. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳ ಆ ತೂತುಗಳ ಒಳಗಿನಿಂದಲೇ ಮೇಲೆ ಏರುತ್ತವೆ. ತೀರಾ ಮೇಲಿನ ಮಣಿಯ ಹತ್ತಿರ ಹಿಂದಕ್ಕೆ ಬಳುಕಿ ತಲೆಬುರುಡೆಯ ಒಳಗೆ ಹೋಗುತ್ತವೆ. ತಲೆಯನ್ನು ರಪ್ಪನೆ ತಿರುಗಿಸಿದಾಗ ಎಳೆತ ಬೀಳುವುದು ಅಲ್ಲೇ. ನಾಳದ ಒಳಪದರ ಹರಿದರೆ ಗೋಡೆಯ ಪದರಗಳ ನಡುವೆ ರಕ್ತ ನುಗ್ಗುತ್ತದೆ. ಅಲ್ಲಿ ಹೆಪ್ಪುಗಟ್ಟಿದ್ದು ಕಿತ್ತುಕೊಂಡು ಮೆದುಳಿಗೆ ಹೋದರೆ ಪಾರ್ಶ್ವವಾಯು. ಕೂಡಲೇ ಗೊತ್ತಾಗಬೇಕು ಅಂತಿಲ್ಲ. ಗಂಟೆಗಳಾದ ಮೇಲೆ, ದಿನಗಳಾದ ಮೇಲೂ ಬರಬಹುದು.

ನೋವೇ ಇಲ್ಲದ ಕುತ್ತಿಗೆಗೆ ಇದು ಬೇಕಾ ಮಲ್ಲಿಗೆ ಅವರೆ?

ಕೆಂಪುಮಣ್ಣು:
ಅಯ್ಯೋ ಓದಿ ಮೈ ಜುಂ ಅಂತು.

ಲೆಕ್ಕದಮೇಷ್ಟ್ರು:
ರಾತ್ರಿಪಾಳಿ ಅವರು ಹೇಳಿದ ಹಾಗೆ ಆಗುವುದು ಸುಳ್ಳಲ್ಲ. ಆದರೆ ಲೆಕ್ಕದಲ್ಲಿ ಒಂದು ತೊಡಕಿದೆ. ಕೋಪ ಮಾಡಿಕೊಳ್ಳಬೇಡಿ, ಹೇಳಲೇಬೇಕು.

ಆ ನಾಳ ಹರಿದಾಗ ಮೊದಲು ಕಾಣಿಸಿಕೊಳ್ಳುವುದೇ ಕುತ್ತಿಗೆ ನೋವು, ತಲೆನೋವು. ಎಷ್ಟೋ ಸಲ ಯಾರೂ ಕೈ ಹಚ್ಚದೆಯೂ ಹರಿಯುತ್ತದೆ. ಕೆಮ್ಮಿದಾಗ, ಭಾರ ಎತ್ತಿದಾಗ, ಕೆಲವೊಮ್ಮೆ ಕಾರಣವೇ ತಿಳಿಯದೆ. ಆ ನೋವಿಗೆ ಮನುಷ್ಯ ಎಲ್ಲಿಗೆ ಹೋಗುತ್ತಾನೆ? ಒಬ್ಬ ಡಾಕ್ಟರ ಹತ್ತಿರ, ಇನ್ನೊಬ್ಬ ಕೈರೋಪ್ರಾಕ್ಟರ ಹತ್ತಿರ. ಆಮೇಲೆ ಪಾರ್ಶ್ವವಾಯು ಆದರೆ ಹೋಗಿದ್ದರಿಂದಲೇ ಆಯಿತು ಅನಿಸುತ್ತದೆ. ಕೆನಡಾದ ಒಂಟಾರಿಯೋದಲ್ಲಿ ಇದನ್ನೇ ಅಳೆದು 2008ರಲ್ಲಿ ಪ್ರಕಟಿಸಿದರು. ಒಂಬತ್ತು ವರ್ಷದಲ್ಲಿ ಈ ಬಗೆಯ ಪಾರ್ಶ್ವವಾಯುವಿಗೆ ಆಸ್ಪತ್ರೆ ಸೇರಿದವರು 818 ಜನ. ಅವರಲ್ಲಿ ಕಿರಿಯರನ್ನು ನೋಡಿದರೆ ಮೊದಲು ಕೈರೋಪ್ರಾಕ್ಟರ ಹತ್ತಿರ ಹೋದವರಲ್ಲಿ ಎಷ್ಟು ನಂಟು ಕಂಡಿತೋ, ಮಾಮೂಲಿ ಡಾಕ್ಟರ ಹತ್ತಿರ ಹೋದವರಲ್ಲೂ ಸುಮಾರು ಅಷ್ಟೇ ಕಂಡಿತು. ಡಾಕ್ಟರು ಕುತ್ತಿಗೆ ತಿರುಗಿಸುವುದಿಲ್ಲವಲ್ಲ. ಅಂದರೆ ಕೆಲವರಾದರೂ ಹರಿದ ನಾಳ ಹೊತ್ತುಕೊಂಡೇ ಒಳಗೆ ಹೋಗಿದ್ದರು ಅಂತ ಆಗುತ್ತದೆ.

ಜೊತೆಗೆ ಇದು ಅಪರೂಪ. ಈ ನಾಳ ಹರಿಯುವುದು, ಯಾವ ಕಾರಣಕ್ಕೇ ಆಗಲಿ, ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೆ ಅಂತ ಅಂದಾಜು.

ನಡಿಗೆಗಾರ:
ನೋಡಿದಿರಾ! ಇದನ್ನೇ ನಾನು ಹೇಳುತ್ತಿದ್ದೆ.

ರಾತ್ರಿಪಾಳಿ:
ಮೇಷ್ಟ್ರೇ, ಕೋಪ ಇಲ್ಲ. ಆದರೆ ನಿಮ್ಮ ಲೆಕ್ಕ ನನ್ನ ಹೆದರಿಕೆಯನ್ನು ಜಾಸ್ತಿ ಮಾಡಿತು. ಹರಿದ ನಾಳ ಹೊತ್ತುಕೊಂಡೇ ಬರುತ್ತಾರೆ ಅಂದುಕೊಳ್ಳೋಣ. ಹಾಗಾದರೆ ಅಂಥ ಕುತ್ತಿಗೆಯನ್ನು ಹಿಡಿದು ಲಟಕ್ ಅನಿಸಿದರೆ ಏನಾಗುತ್ತದೆ? ಅಲ್ಲಿ ಕೂತಿರುವ ಹೆಪ್ಪು ಕಿತ್ತುಕೊಳ್ಳಬಹುದು ಅಲ್ವಾ? ನಿಮ್ಮ ಅಧ್ಯಯನ ಹೇಳಿದ್ದು ಕೈ ಹಚ್ಚುವುದು ಸುರಕ್ಷಿತ ಅಂತ ಅಲ್ಲ. ಯಾವುದರಿಂದ ಯಾವುದು ಅಂತ ಬಿಡಿಸಲು ಕಷ್ಟ ಅಂತ.

ಅಮೆರಿಕದ ಹೃದಯ ಸಂಘ 2014ರಲ್ಲಿ ಇದನ್ನೆಲ್ಲ ಕೂಲಂಕಷ ನೋಡಿ ಒಂದು ಹೇಳಿಕೆ ಕೊಟ್ಟಿತು. ನಂಟು ಇದೆ, ಇದೇ ಕಾರಣ ಅಂತ ಖಚಿತವಾಗಿ ಹೇಳಲಾಗದು, ಆದರೂ ಕುತ್ತಿಗೆಗೆ ಕೈ ಹಚ್ಚುವ ಮೊದಲು ಈ ಅಪಾಯವನ್ನು ರೋಗಿಗೆ ತಿಳಿಸಬೇಕು ಅಂತ. ಈ ಥ್ರೆಡ್ಡಿನಲ್ಲಿ ಮಾಡಿಸಿಕೊಂಡವರನ್ನು ಕೇಳುತ್ತೇನೆ. ನಿಮ್ಮಲ್ಲಿ ಎಷ್ಟು ಜನಕ್ಕೆ ತಿಳಿಸಿದ್ದರು?

ಕೆಂಪುಮಣ್ಣು:
ನನಗೆ ಇಲ್ಲ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು, ಓದಲು ಪುರುಸೊತ್ತು ಕೊಡಲಿಲ್ಲ.

ಗಾಳಿಪಟ77:
ನನಗೂ ಇಲ್ಲ. ಮಾಡಿಸಿಕೊಂಡು ಹೊರಗೆ ಬಂದು ಗೋಡೆ ಹಿಡಿದುಕೊಂಡು ನಿಂತಿದ್ದೆ. ಅರ್ಧ ಗಂಟೆ ತಲೆ ಸುತ್ತು. "ಮೊದಲನೇ ಸಲ ಹಾಗೇ ಆಗುತ್ತೆ" ಅಂದರು. ಅದಕ್ಕೇ ಮೇಲೆ ಒಂದೇ ಸಾಲು ಬರೆದೆ.

ನಡಿಗೆಗಾರ:
ನನಗೂ ತಿಳಿಸಿರಲಿಲ್ಲ. ಇದನ್ನು ಒಪ್ಪುತ್ತೇನೆ. ತಿಳಿಸಬೇಕಿತ್ತು.

ಬೆರಳುಗಂಟು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಆ ಲಟಕ್ ಶಬ್ದ ನಿಜಕ್ಕೂ ಏನು? ಮಣಿ ಕೂತಿದ್ದಾ? ನಾನು ದಿನಾ ಬೆರಳಿನ ನೆಟಿಕೆ ಮುರಿಯುತ್ತೇನೆ. ಅಜ್ಜಿ ಬೈಯುತ್ತಿದ್ದರು, ಕೀಲು ಸವೆಯುತ್ತದೆ ಅಂತ.

ಫಿಸಿಯೋ_ಸುಮ:
ಎರಡೂ ಒಂದೇ ಶಬ್ದ. ಕೀಲಿನ ಒಳಗೆ ಎಣ್ಣೆಯಂಥ ದ್ರವ ಇರುತ್ತದೆ. ಕೀಲನ್ನು ಹಿಗ್ಗಿಸಿದಾಗ ಒತ್ತಡ ಇಳಿದು ಅದರೊಳಗೆ ಗಾಳಿಗುಳ್ಳೆಯಂಥ ಜಾಗ ಹುಟ್ಟಿಕೊಳ್ಳುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಎಂಆರ್‌ಐ ಒಳಗೆ ಬೆರಳು ಎಳೆಸಿ ಅದನ್ನೇ ಸೆರೆಹಿಡಿದರು. ನೆಟಿಕೆ ಮುರಿದ ಕೂಡಲೇ ಅದೇ ಬೆರಳಿಗೆ ಮತ್ತೆ ಶಬ್ದ ಬರುವುದಿಲ್ಲ, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅದಕ್ಕೂ ಇದೇ ಕಾರಣ. ಮಣಿ ಕೂತಿದ್ದಕ್ಕೂ ಶಬ್ದಕ್ಕೂ ಸಂಬಂಧ ಇಲ್ಲ. ಶಬ್ದ ಬಂದರೆ ಗುಣ ಆಯಿತು, ಬರದಿದ್ದರೆ ಇಲ್ಲ ಅಂತಲೂ ಅಲ್ಲ.

ಲೆಕ್ಕದಮೇಷ್ಟ್ರು:
ಅಜ್ಜಿಯ ಮಾತಿಗೆ ಒಂದು ಸ್ವಾರಸ್ಯದ ಉತ್ತರ ಇದೆ. ಅಮೆರಿಕದ ಡಾಕ್ಟರ್ ಡೊನಾಲ್ಡ್ ಉಂಗರ್ 60 ವರ್ಷ ಎಡಗೈಯ ನೆಟಿಕೆ ಮಾತ್ರ ಮುರಿದರು, ದಿನಕ್ಕೆ ಕಡಿಮೆ ಅಂದರೂ ಎರಡು ಸಲ. ಬಲಗೈ ಹಾಗೇ ಬಿಟ್ಟರು. ಕೊನೆಗೆ ಎರಡೂ ಕೈ ಒಂದೇ ಥರ ಇದ್ದವು, ಯಾವುದರಲ್ಲೂ ಸಂಧಿವಾತ ಇಲ್ಲ. 2009ರಲ್ಲಿ ಇಗ್ ನೊಬೆಲ್ ಕೊಟ್ಟರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ ಅದು. ಒಬ್ಬರೇ ಮನುಷ್ಯ, ಹಾಗಾಗಿ ದೊಡ್ಡ ಸಾಕ್ಷಿ ಅಲ್ಲ. ಆದರೆ ಆ ತಾಳ್ಮೆಗೆ ನಮಸ್ಕಾರ.

ಬೆರಳುಗಂಟು:
ಅರವತ್ತು ವರ್ಷ!! ಧನ್ಯವಾದ ಮೇಷ್ಟ್ರೇ.

ಹಸುಗೂಸಿನಮ್ಮ:
ನನ್ನ ಮಗು ಸಂಜೆಯಾದರೆ ಎರಡು ಮೂರು ಗಂಟೆ ಬಿಡದೆ ಅಳುತ್ತದೆ. ಹೊಟ್ಟೆನೋವು ಇರಬಹುದು, ಮಕ್ಕಳಿಗೂ ಬೆನ್ನು ಸರಿಮಾಡುತ್ತಾರೆ, ಒಮ್ಮೆ ತೋರಿಸಿ ಅಂತ ಒಬ್ಬರು ಹೇಳಿದ್ದಾರೆ. ಯಾರಾದರೂ ತೋರಿಸಿದ್ದೀರಾ?

ರಾತ್ರಿಪಾಳಿ:
ಬೇಡಮ್ಮಾ. ದಯವಿಟ್ಟು ಬೇಡ. ಮಕ್ಕಳ ಡಾಕ್ಟರಿಗೆ ತೋರಿಸಿ. ಹಾಗೆ ಅಳುವುದು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ತುಂಬುವ ಹೊತ್ತಿಗೆ ತಾನಾಗಿ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ನಿಮಗೂ ನಿದ್ದೆ ಬೇಕು. ಯಾರಾದರೂ ಒಂದು ಗಂಟೆ ಎತ್ತಿಕೊಳ್ಳುವವರು ಇದ್ದಾರಾ ನೋಡಿ.

ಹಳೇಪುಟ:
ಇದೇ ವಿಷಯಕ್ಕೆ ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆ ಆಗಿತ್ತು. ವಿಜ್ಞಾನ ಲೇಖಕ ಸೈಮನ್ ಸಿಂಗ್ 2008ರಲ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಬರೆದರು. ಮಕ್ಕಳ ಹೊಟ್ಟೆನೋವು, ಅಸ್ತಮಾ ಇಂಥದ್ದಕ್ಕೆಲ್ಲ ಕೈರೋಪ್ರ್ಯಾಕ್ಟಿಕ್‌ನಿಂದ ಗುಣ ಅನ್ನುವುದಕ್ಕೆ ಆಧಾರ ಇಲ್ಲ ಅಂತ. ಅಲ್ಲಿನ ಕೈರೋಪ್ರ್ಯಾಕ್ಟಿಕ್ ಸಂಘ ಮಾನನಷ್ಟ ಕೇಸು ಹಾಕಿತು. ಎರಡು ವರ್ಷ ಎಳೆದಾಡಿ 2010ರಲ್ಲಿ ಸಂಘವೇ ಕೇಸು ವಾಪಸ್ ತೆಗೆದುಕೊಂಡಿತು. ಆ ಕೇಸಿನಿಂದ ಎದ್ದ ಕೂಗು ಕೊನೆಗೆ 2013ರಲ್ಲಿ ಮಾನನಷ್ಟ ಕಾನೂನು ಬದಲಾಗುವುದಕ್ಕೂ ಒಂದು ಕಾರಣವಾಯಿತು. ಅದೇ 2010ರಲ್ಲಿ ಅಲ್ಲಿನ ಕೈರೋಪ್ರಾಕ್ಟರುಗಳನ್ನು ನಿಯಂತ್ರಿಸುವ ಮಂಡಳಿಯೇ, ಸಬ್‌ಲಕ್ಸೇಶನ್‌ನಿಂದ ಕಾಯಿಲೆ ಬರುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಬರೆದುಕೊಂಡಿತು.

ಆಸ್ಟ್ರೇಲಿಯಾದಲ್ಲಿ ಎರಡು ವಾರದ ಮಗುವಿಗೆ ಮಾಡಿದ ವಿಡಿಯೋ ಹೊರಬಂದು 2019ರಲ್ಲಿ ಎರಡು ವರ್ಷದೊಳಗಿನ ಮಕ್ಕಳ ಬೆನ್ನೆಲುಬಿಗೆ ಇದನ್ನು ಮಾಡಬಾರದು ಅಂತ ತಡೆದರು.

ನಡಿಗೆಗಾರ:
ಮಕ್ಕಳ ವಿಷಯದಲ್ಲಿ ನನ್ನದೂ ಅದೇ ಮಾತು. ಬೇಡ. ಎಲ್ಲ ಕೈರೋಪ್ರಾಕ್ಟರುಗಳೂ ಒಂದೇ ಅಲ್ಲ ಅಂತ ಮಾತ್ರ ಹೇಳುತ್ತೇನೆ. ಡೆನ್ಮಾರ್ಕಿನಲ್ಲಿ ಅವರು ವಿಶ್ವವಿದ್ಯಾಲಯದಲ್ಲೇ ಓದಿ ಬರುತ್ತಾರೆ. ನಾನು ಈಗ ಹೋಗುವವರು ಮಣಿಗಿಣಿ ಅನ್ನುವುದಿಲ್ಲ. ಮೊದಲ ದಿನವೇ ಅರ್ಧ ಗಂಟೆ ಕೇಳಿದರು, ಕಾಲು ಎತ್ತಿಸಿದರು, ಹಿಮ್ಮಡಿಯ ಮೇಲೆ ನಡೆಸಿದರು. ಮನೆಯಲ್ಲಿ ಮಾಡಲು ಮೂರು ವ್ಯಾಯಾಮ ಕೊಟ್ಟರು. ಅಂಥವರೂ ಇದ್ದಾರೆ.

ದೂರದಬೆಟ್ಟ:
ನಾನು ಇಲ್ಲಿ ಬರೆಯುವುದೇ ಕಡಿಮೆ. ಇವತ್ತು ಬರೆಯಬೇಕು ಅನಿಸಿತು. ನಮ್ಮ ತಂದೆಗೆ ಬೆನ್ನುನೋವು ಇತ್ತು. ಒಬ್ಬರ ಹತ್ತಿರ ನಾಲ್ಕು ತಿಂಗಳು ಬೆನ್ನು ಒತ್ತಿಸಿಕೊಂಡರು. ರಾತ್ರಿ ಮಲಗಿದರೆ ನೋವು ಜಾಸ್ತಿ, ತೂಕ ಇಳಿಯುತ್ತಿತ್ತು. ಎರಡನ್ನೂ ಹೇಳಿದ್ದರು. "ವಯಸ್ಸಾಯಿತಲ್ಲ, ನಿಧಾನಕ್ಕೆ ಸರಿಹೋಗುತ್ತೆ" ಅಂದರಂತೆ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಬೆನ್ನೆಲುಬಿಗೆ ಕ್ಯಾನ್ಸರ್ ಹರಡಿತ್ತು. ಕೈಯಿಂದ ಒತ್ತಿದ್ದಕ್ಕೆ ಕ್ಯಾನ್ಸರ್ ಬಂತು ಅಂತ ನಾನು ಹೇಳುವುದಿಲ್ಲ. ಆ ನಾಲ್ಕು ತಿಂಗಳು ಹೋಯಿತಲ್ಲ ಅನ್ನುವುದೇ ಸಂಕಟ. ಪಾರ್ಶ್ವವಾಯು ಅಪರೂಪ, ಸರಿ. ಆದರೆ ಹೀಗೆ ಹೊತ್ತು ಕಳೆದುಹೋಗುವುದನ್ನು ಯಾರೂ ಎಣಿಸುವುದಿಲ್ಲ.

ಫಿಸಿಯೋ_ಸುಮ:
ತುಂಬಾ ನೋವಾಯಿತು ಓದಿ. ನಮ್ಮ ಫಿಸಿಯೋಗಳಲ್ಲೂ ಈ ತಪ್ಪು ಆಗುತ್ತದೆ, ಡಾಕ್ಟರುಗಳಲ್ಲೂ.

ಸೊಂಟನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದು, ಬಿದ್ದು ಪೆಟ್ಟಾಗಿದ್ದು, ಮೂಳೆ ಟೊಳ್ಳಾಗಿರುವುದು, ಇವುಗಳಲ್ಲಿ ಯಾವುದೇ ಇದ್ದರೂ ಮೊದಲು ಡಾಕ್ಟರು. ತೊಡೆಸಂದಿಯಲ್ಲಿ ಮರಗಟ್ಟಿದ ಹಾಗಾದರೆ, ಮೂತ್ರ ನಿಂತರೆ ಅಥವಾ ಗೊತ್ತಾಗದೆ ಹೋದರೆ ಆ ಕ್ಷಣವೇ ಆಸ್ಪತ್ರೆ. ಬೆನ್ನೆಲುಬಿನ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರಬಹುದು, ತಡವಾದರೆ ಆ ನರಗಳ ಶಕ್ತಿ ಮತ್ತೆ ಬರದೇ ಹೋಗಬಹುದು. ಇಂಥ ಬೆನ್ನಿಗೆ ಯಾರೂ ಕೈ ಹಚ್ಚಬಾರದು, ನಾನೂ ಸೇರಿ.

ಹಾಸಿಗೆಪುರಾಣ:
ಎಲ್ಲರೂ ಹಾಸಿಗೆ ಬದಲಾಯಿಸಿ ನೋಡಿ ಮೊದಲು. ಗಟ್ಟಿ ಹಾಸಿಗೆ, ನೆಲದ ಮೇಲೆ ಮಲಗಿದರಂತೂ ಇನ್ನೂ ಒಳ್ಳೆಯದು.

ಕೆಂಪುಮಣ್ಣು:
ನೆಲದ ಮೇಲೆ ಮಲಗಿಯೇ ನನಗೆ ಸೊಂಟ ಹಿಡಿದಿದ್ದು!

ಹಾಸಿಗೆಪುರಾಣ:
ಅಭ್ಯಾಸ ಇಲ್ಲದವರಿಗೆ ಹಾಗಾಗುತ್ತದೆ.

ಲೆಕ್ಕದಮೇಷ್ಟ್ರು:
ಹಾಸಿಗೆಗೆ ಬೇರೆ ಥ್ರೆಡ್ ತೆಗೆಯಿರಪ್ಪಾ. ಮಲ್ಲಿಗೆ ಅವರೆ, ನಿಮಗೆ ಎಕ್ಸ್‌ರೇ ತೆಗೆದು ತೋರಿಸಿದರಾ?

ಸಂಜೆಮಲ್ಲಿಗೆ:
ಹೌದು ಮೇಷ್ಟ್ರೇ, ಮೊದಲ ದಿನವೇ. ಬೆಳಕಿಗೆ ಹಿಡಿದು "ಇಲ್ಲಿ ನೋಡಿ, ಮಣಿಗಳ ನಡುವಿನ ಮೆತ್ತೆ, ಡಿಸ್ಕ್ ಸವೆದಿದೆ, ಇಲ್ಲಿ ವಾಲಿದೆ" ಅಂದರು. ಅದನ್ನು ನೋಡಿದ ಮೇಲೆ ಬಗ್ಗಲು ಇನ್ನೂ ಹೆದರಿಕೆ ಆಯಿತು.

ಲೆಕ್ಕದಮೇಷ್ಟ್ರು:
ಅದಕ್ಕೇ ಕೇಳಿದೆ. ನೋವೇ ಇಲ್ಲದ ಮೂರು ಸಾವಿರಕ್ಕೂ ಜಾಸ್ತಿ ಜನರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ. ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಜನರ ಡಿಸ್ಕ್ ಸವೆದಿತ್ತು. ಎಂಬತ್ತರವರಲ್ಲಿ 96. ಅಂದರೆ ಅದು ಕೂದಲು ನರೆತ ಹಾಗೆ. ಅಮೆರಿಕದ ಕೈರೋಪ್ರ್ಯಾಕ್ಟಿಕ್ ಸಂಘವೇ 2017ರಲ್ಲಿ, ಅಪಾಯದ ಲಕ್ಷಣ ಇಲ್ಲದಿದ್ದರೆ ಹೊಸ ಸೊಂಟನೋವಿಗೆ ಮೊದಲ ಆರು ವಾರ ಎಕ್ಸ್‌ರೇ, ಸ್ಕ್ಯಾನ್ ಬೇಡ ಅಂತ ಹೇಳಿತು. ನಿಮ್ಮದು ಹಳೆಯ ನೋವು, ಹಾಗಾಗಿ ತೆಗೆದಿದ್ದೇ ತಪ್ಪು ಅನ್ನಲಾರೆ. ಆದರೆ ಆ ಚಿತ್ರ ತೋರಿಸಿ ಹೆದರಿಸಿದ್ದು ತಪ್ಪು. ನಿಮ್ಮ ಬೆನ್ನು ಅಷ್ಟು ಮೆದು ಅಲ್ಲ.

ಗಾಳಿಪಟ77:
ಆ ವಿಡಿಯೋಗಳಲ್ಲಿ ತಲೆಗೆ ಪಟ್ಟಿ ಕಟ್ಟಿ ರಪ್ಪನೆ ಎಳೆಯುತ್ತಾರಲ್ಲ, ಅದನ್ನು ನೋಡಿ ನಮ್ಮ ಹುಡುಗರು ಮನೆಯಲ್ಲೇ ಟವಲಿನಿಂದ ಮಾಡುತ್ತಿದ್ದರು. ಹಿಡಿದು ಬೈದೆ. ಯಾರೂ ಮಾಡಬೇಡಿ.

ಸಂಜೆಮಲ್ಲಿಗೆ:
ಗುರುವಾರ ಹೋಗಿ ಬಂದೆ. ಎಲ್ಲರ ಉತ್ತರಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಕುತ್ತಿಗೆಗೆ ಯಾಕೆ ಬೇಕು ಅಂತ ಕೇಳಿದೆ. "ಇಡೀ ಬೆನ್ನೆಲುಬು ಒಂದೇ ಅಲ್ವಾ" ಅಂದರು. ಅಪಾಯ ಏನಾದರೂ ಇದೆಯಾ ಅಂದೆ. "ಇಂಟರ್‌ನೆಟ್ ನೋಡಬೇಡಿ" ಅಂದರು. ರಾತ್ರಿಪಾಳಿ ಅವರ ಲೋಟದ ಮಾತು ನೆನಪಾಯಿತು. ಕುತ್ತಿಗೆ ಬೇಡ, ಪ್ಯಾಕೇಜೂ ಬೇಡ ಅಂತ ಹೇಳಿ ಬಂದೆ. ಎದೆ ಹೊಡೆದುಕೊಳ್ಳುತ್ತಿತ್ತು, ಯಾಕೋ ಗೊತ್ತಿಲ್ಲ, ಬೇಡ ಅನ್ನುವುದು ಇಷ್ಟು ಕಷ್ಟ ಅಂದುಕೊಂಡಿರಲಿಲ್ಲ. ಈಗ ಒಬ್ಬ ಫಿಸಿಯೋ ಹತ್ತಿರ ಹೋಗುತ್ತಿದ್ದೇನೆ. ದಿನಾ ನಡೆಯುತ್ತಿದ್ದೇನೆ. ಸೊಂಟಕ್ಕೆ ಮತ್ತೆ ಬೇಕು ಅನಿಸಿದರೆ ನಡಿಗೆಗಾರ ಅವರು ಹೇಳಿದಂಥವರನ್ನು ಹುಡುಕುತ್ತೇನೆ.

ನಡಿಗೆಗಾರ:
ಒಳ್ಳೆಯದು ಮಾಡಿದಿರಿ. ನಾನೂ ಕುತ್ತಿಗೆಗೆ ಇನ್ನು ಬೇಡ ಅಂತ ನಮ್ಮವರಿಗೆ ಹೇಳಿದೆ. ಸರಿ ಅಂದರು, ಮುಖ ಸಿಂಡರಿಸಲಿಲ್ಲ.

ಫಿಸಿಯೋ_ಸುಮ:
ಶೂ ಲೇಸ್ ಕಟ್ಟಿಕೊಳ್ಳಲು ಆಗುತ್ತಿದೆಯಾ ಈಗ?

ಸಂಜೆಮಲ್ಲಿಗೆ:
ಬಲಗಾಲಿನದು ನಾನೇ ಕಟ್ಟಿಕೊಳ್ಳುತ್ತೇನೆ. ಎಡಗಾಲಿಗೆ ಇನ್ನೂ ಮಗನೇ ಬರಬೇಕು.